ಕಾಡುಗುಡ್ಡದ ಕಠಿಣ ಟ್ರೇಲ್‌ನಲ್ಲಿ ಸೈಕಲ್ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಒಂದು ಬಗೆಯ ಸವಾರಿಗೆ ಮಾತ್ರ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮುಗಿಸುವ 25ರಿಂದ 40 ಕಿಲೋಮೀಟರ್ ದಾರಿ, ಒಟ್ಟು ಸಾವಿರ ಮೀಟರ್ ಆಸುಪಾಸಿನ ಏರು, ನಡುವೆ ವಾಹನ ಓಡಾಡುವ ರಸ್ತೆಯೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಸೈಕಲ್ ಸವಾರಿಗೆಂದೇ ಕಟ್ಟಿದ ಬೈಕ್ ಪಾರ್ಕ್‌ಗಳಲ್ಲಿ ಇದಕ್ಕಿಂತ ಕಷ್ಟದ ಇಳಿಜಾರುಗಳಿವೆ, ನಿಜ. ಆದರೆ ಅಲ್ಲಿ ಸೈಕಲ್ ಕೆಟ್ಟರೆ ಹತ್ತು ನಿಮಿಷದಲ್ಲಿ ಕೆಳಗಿರುತ್ತೀರಿ, ಇಲ್ಲಿ ಅದೇ ಕೆಟ್ಟರೆ ನಾಲ್ಕೈದು ಗಂಟೆ ನಡಿಗೆ. ಕೆಳಗಿನ ಬಹುಪಾಲು ಸಲಹೆಗಳು ಈ ವ್ಯತ್ಯಾಸದಿಂದಲೇ ಹುಟ್ಟಿದವು.

ಟ್ರೇಲ್ ಫಲಕದ ಬಣ್ಣ ಮತ್ತು ಗುರುತುಗಳನ್ನು ಎಷ್ಟು ನಂಬಬಹುದು?

ಅಂದಾಜಿಗೆ ಸಾಕು, ನಿರ್ಧಾರಕ್ಕೆ ಸಾಲದು. ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ, ಜೋಡಿ ಕಪ್ಪು ವಜ್ರ ಅತಿ ಕಠಿಣ ಎಂಬ ಪದ್ಧತಿ ಹಲವೆಡೆ ಇದೆ. ಆದರೆ ಒಂದು ಕಡೆಯ ನೀಲಿ ಇನ್ನೊಂದು ಕಡೆಯ ಕಪ್ಪಿಗೆ ಸಮವಾಗಿರುವುದು ಅಪರೂಪವಲ್ಲ. ಎಸ್0ರಿಂದ ಎಸ್5ರವರೆಗಿನ ಸಿಂಗಲ್‌ಟ್ರೇಲ್ (ಒಬ್ಬರಷ್ಟೇ ಸಾಗುವ ಕಿರುದಾರಿ) ಅಳತೆ ಇದ್ದರೆ ಅದನ್ನೇ ನೋಡಿ. ಎಸ್1ರಲ್ಲಿ ಸಣ್ಣ ಬೇರು, ಸಣ್ಣ ಕಲ್ಲು ಇರುತ್ತವೆ. ಎಸ್2 ಅಂದರೆ ದೊಡ್ಡ ಬೇರು, ಸಡಿಲ ನೆಲ, ಮೆಟ್ಟಿಲು, ಕೆಲವೆಡೆ ಶೇ 70ರವರೆಗಿನ ಇಳಿಜಾರು. ಎಸ್3ರಲ್ಲಿ ಬಂಡೆಗಳು, ಎತ್ತರದ ಮೆಟ್ಟಿಲುಗಳು, ಇಕ್ಕಟ್ಟಾದ ಹೇರ್‌ಪಿನ್ ತಿರುವುಗಳು.

ಈ ಎರಡೂ ಪದ್ಧತಿ ಹೇಳದ ಸಂಗತಿಯೊಂದಿದೆ. ದಾರಿಯ ಪಕ್ಕದಲ್ಲಿ ಏನಿದೆ? ಸಮತಟ್ಟು ಪೊದೆಯೋ, ಇಪ್ಪತ್ತು ಮೀಟರ್ ಕೊರಕಲೋ? ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವ ಜಾಗದಲ್ಲಿ ಟ್ರೇಲ್ ಅವಕ್ಕೆ ಸಮಾನಾಂತರವಾಗಿ ಹೋಗಿದ್ದರೆ ಒಂದು ಬದಿ ಪ್ರಪಾತ ಎಂದೇ ತಿಳಿಯಿರಿ.

ನನ್ನ ಕೈಲಾಗುತ್ತದೆಯೇ ಎಂದು ಹೊರಡುವ ಮೊದಲೇ ಹೇಗೆ ತಿಳಿಯುವುದು?

ಮನೆಯ ಹತ್ತಿರವೇ ಪರೀಕ್ಷಿಸಿ. ಮೊಣಕಾಲೆತ್ತರದ ಮೆಟ್ಟಿಲನ್ನು ಪೆಡಲ್ ತುಳಿಯದೆ, ಬ್ರೇಕ್ ಗಟ್ಟಿ ಹಿಡಿಯದೆ ಉರುಳಿಸಿಕೊಂಡು ಇಳಿಯಬಲ್ಲಿರಾ? ಕಾಲು ನೆಲಕ್ಕೆ ಊರದೆ ಎರಡು ಮೂರು ಸೆಕೆಂಡು ನಿಂತಲ್ಲೇ ಸಮತೋಲ ಹಿಡಿಯಬಲ್ಲಿರಾ? ಮೂರು ಮೀಟರ್ ಅಗಲದಲ್ಲಿ ಪೂರ್ತಿ ಹಿಂದಕ್ಕೆ ತಿರುಗಬಲ್ಲಿರಾ? ಮೂರೂ ಬಂದರೆ, ತಿರುಗುವುದಂತೂ ಎರಡೂ ದಿಕ್ಕಿಗೆ ಬಂದರೆ, ತಂತ್ರ ಸಾಕು. ಇನ್ನು ದಮ್ಮಿನ ಮಾತು. ಟ್ರೇಲ್‌ನ ಒಟ್ಟು ಏರಿನಷ್ಟೇ ಏರನ್ನು ಒಳ್ಳೆಯ ದಾರಿಯಲ್ಲಿ ಒಂದೇ ದಿನ ಮುಗಿಸಿ, ಮರುದಿನವೂ ಎರಡು ಗಂಟೆ ತುಳಿಯುವಷ್ಟು ಕಾಲು ಉಳಿಯಬೇಕು. ಇಳಿಜಾರಿನಲ್ಲಿ ಮೊದಲು ಸೋಲುವುದು ಕಾಲಲ್ಲ, ಮುಂಗೈ. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿದ ಮೇಲೆ ಎಷ್ಟು ತಂತ್ರ ಗೊತ್ತಿದ್ದರೂ ಪ್ರಯೋಜನವಿಲ್ಲ.

ಎಷ್ಟು ಗಂಟೆ ಬೇಕಾಗುತ್ತದೆ?

ದೂರಕ್ಕೆ ಗಂಟೆಗೆ 8 ಕಿಲೋಮೀಟರ್, ಏರಿಗೆ ಗಂಟೆಗೆ 350 ಮೀಟರ್ ಎಂದು ಬೇರೆ ಬೇರೆ ಲೆಕ್ಕ ಹಾಕಿ. ಬಂದ ಎರಡು ಉತ್ತರಗಳಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಿ. 30 ಕಿಲೋಮೀಟರ್ ದೂರ, 1000 ಮೀಟರ್ ಏರು ಇದ್ದರೆ ದೂರಕ್ಕೆ ಸುಮಾರು 4 ಗಂಟೆ, ಏರಿಗೆ ಸುಮಾರು 3 ಗಂಟೆ, ಒಟ್ಟು ಐದೂವರೆ. ಪಂಚರ್, ಊಟ, ದಾರಿ ಹುಡುಕಾಟಕ್ಕೆ ಕಾಲು ಭಾಗ ಸೇರಿಸಿದರೆ 7 ಗಂಟೆ. ಇದು ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲೇ ಮುಗಿಯುವಂತೆ ಹೊರಡಿ. ಗುಂಪಾಗಿ ಹೋಗುವಾಗ ಎಲ್ಲರಿಗಿಂತ ನಿಧಾನದವರ ವೇಗವೇ ಲೆಕ್ಕಕ್ಕೆ.

ಹಿಂತಿರುಗುವ ಗಡಿಯಾರವನ್ನೂ ಮೊದಲೇ ನಿಗದಿ ಮಾಡಿ: ಇಂಥ ಜಾಗವನ್ನು ಇಷ್ಟು ಗಂಟೆಯೊಳಗೆ ಮುಟ್ಟದಿದ್ದರೆ ಬಂದ ದಾರಿಯಲ್ಲೇ ವಾಪಸ್. ಈ ಮಾತು ಹೊರಡುವ ಮುನ್ನವೇ ಆಗಬೇಕು. ಶಿಖರ ಕಣ್ಣೆದುರು ಕಾಣುತ್ತಿರುವಾಗ ಯಾರೂ ವಾಪಸ್ ಹೋಗೋಣ ಎನ್ನುವುದಿಲ್ಲ.

ಹಾರ್ಡ್‌ಟೇಲ್ ಸಾಕೇ, ಫುಲ್ ಸಸ್ಪೆನ್ಷನ್ ಬೇಕೇ?

ಹಾರ್ಡ್‌ಟೇಲ್‌ನಲ್ಲೂ (ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್) ಆಗುತ್ತದೆ, ಬೆನ್ನು ಹೆಚ್ಚು ದಣಿಯುತ್ತದೆ ಅಷ್ಟೆ. ಫುಲ್ ಸಸ್ಪೆನ್ಷನ್ (ಎರಡೂ ಚಕ್ರಕ್ಕೆ) ಆದರೆ 120ರಿಂದ 150 ಮಿಲಿಮೀಟರ್ ಟ್ರಾವೆಲ್, ಅಂದರೆ ಸಸ್ಪೆನ್ಷನ್ ಕುಸಿಯಬಲ್ಲ ದೂರ, ಇಂಥ ದಾರಿಗೆ ಹದ. ಅದಕ್ಕಿಂತ ಹೆಚ್ಚಿದ್ದರೆ ಏರಿನುದ್ದಕ್ಕೂ ಅದರ ಭಾರ ಎಳೆಯಬೇಕು. ಹಣ ಒಂದಕ್ಕೆ ಮಾತ್ರ ಇದ್ದರೆ ಮೊದಲು ಒಳ್ಳೆಯ ಹೈಡ್ರಾಲಿಕ್ ಬ್ರೇಕ್, ಆಮೇಲೆ ಒಳ್ಳೆಯ ಟೈರು, ಆಮೇಲೆ ಡ್ರಾಪರ್ ಪೋಸ್ಟ್ (ಸವಾರಿಯಲ್ಲೇ ಸೀಟನ್ನು ಏರಿಸಿ ಇಳಿಸುವ ಕಂಬ). ಹಿಂದಿನ ಶಾಕ್ (ಹಿಂದಿನ ಚಕ್ರದ ಕುಲುಕು ತಡೆಯುವ ಭಾಗ) ಈ ಸಾಲಿನಲ್ಲಿ ನಾಲ್ಕನೆಯದು.

ಟೈರಿನಲ್ಲಿ ಎಷ್ಟು ಗಾಳಿ ಇರಬೇಕು?

75 ಕಿಲೋ ತೂಕದವರಿಗೆ 2.4 ಇಂಚಿನ ಟ್ಯೂಬ್‌ಲೆಸ್ ಟೈರಾದರೆ ಮುಂದೆ 20ರಿಂದ 22, ಹಿಂದೆ 23ರಿಂದ 26 ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) ಶುರು ಮಾಡಿ. ಟ್ಯೂಬ್ ಇದ್ದರೆ ಎರಡರಲ್ಲೂ ನಾಲ್ಕೈದು ಪಿಎಸ್‌ಐ ಹೆಚ್ಚಿಸಿ. ಇಲ್ಲದಿದ್ದರೆ ಕಲ್ಲಿನ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಗಾಳಿ ಹೆಚ್ಚಾದರೆ ಟೈರು ಬೇರಿನ ಮೇಲೆ ಪುಟಿಯುತ್ತದೆ. ಕಡಿಮೆಯಾದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಒಂದು ಕ್ಷಣ ಬಿಟ್ಟು ಬುಸ್ ಎಂದು ಗಾಳಿ ಕಳೆದುಕೊಳ್ಳುತ್ತದೆ. ಆ ಸದ್ದು ಕೇಳಿದರೆ ಎರಡು ಪಿಎಸ್‌ಐ ಏರಿಸಿ.

ಎತ್ತರ, ತಂಪು ಎರಡೂ ಈ ಲೆಕ್ಕ ಕೆಡಿಸುತ್ತವೆ. ಸಾವಿರ ಮೀಟರ್ ಮೇಲೇರಿದರೆ ಹೊರಗಿನ ಒತ್ತಡ ಇಳಿದು ಗೇಜ್‌ನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚು ತೋರುತ್ತದೆ. ಉಷ್ಣಾಂಶ 10 ಡಿಗ್ರಿ ಇಳಿದರೆ ಒಂದು ಪಿಎಸ್‌ಐಗಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಹಾಗಾಗಿ ವಾಹನದಲ್ಲಿ ಮೇಲೆ ಹೋಗಿ ಇಳಿಯುವವರು ಟ್ರೇಲ್ ಶುರುವಾಗುವಲ್ಲೇ ಗಾಳಿ ನೋಡಬೇಕು, ಮನೆಯಲ್ಲಲ್ಲ.

ಸೀಲಂಟ್ (ಟ್ಯೂಬ್‌ಲೆಸ್ ಟೈರಿನೊಳಗಿದ್ದು ತೂತು ಮುಚ್ಚುವ ದ್ರವ) ಹಾಕಿ ಮೂರು ತಿಂಗಳಾಗಿದ್ದರೆ ಟೈರು ಅಲ್ಲಾಡಿಸಿ. ಒಳಗೆ ದ್ರವ ತುಳುಕುವ ಸದ್ದಿಲ್ಲದಿದ್ದರೆ ಅದು ಒಣಗಿದೆ. 29 ಇಂಚಿನ ಅಗಲ ಟೈರಿಗೆ 100ರಿಂದ 120 ಮಿಲಿಲೀಟರ್ ಬೇಕು.

ಸಸ್ಪೆನ್ಷನ್ ಸ್ಯಾಗ್ ನೋಡಲೇಬೇಕೇ?

ಬೇಕು. ಸ್ಯಾಗ್ ಅಂದರೆ ನಿಮ್ಮ ಭಾರಕ್ಕೆ ಸಸ್ಪೆನ್ಷನ್ ಕುಸಿಯುವ ಪ್ರಮಾಣ. ನೋಡುವುದೂ ನೀರು ತುಂಬಿದ ಚೀಲ ಬೆನ್ನಿಗೇರಿಸಿಕೊಂಡೇ. ನಾಲ್ಕೈದು ಕಿಲೋ ಚೀಲ ಲೆಕ್ಕವನ್ನೇ ಬದಲಿಸುತ್ತದೆ. ಪೆಡಲಿನ ಮೇಲೆ ನಿಂತಾಗ ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ತನ್ನ ಟ್ರಾವೆಲ್‌ನ ಶೇ 15ರಿಂದ 20ರಷ್ಟು, ಹಿಂದಿನ ಶಾಕ್ ಶೇ 25ರಿಂದ 30ರಷ್ಟು ಕುಸಿಯಬೇಕು. ಶಾಕ್‌ನ ಗಾಳಿಗೆ ಶಾಕ್ ಪಂಪೇ ಬೇಕು. ಟೈರಿನ ಪಂಪು ಅಷ್ಟು ಒತ್ತಡ ಕೊಡುವುದಿಲ್ಲ, ತೆಗೆಯುವಾಗ ಗಾಳಿಯನ್ನೂ ಬಿಡುತ್ತದೆ.

ಹೊರಡುವ ಹಿಂದಿನ ದಿನ ಏನೇನು ನೋಡಬೇಕು?

ಬ್ರೇಕ್ ಪ್ಯಾಡಿನ ಉಜ್ಜುವ ಪದರ ಒಂದು ಮಿಲಿಮೀಟರ್‌ಗೆ ಬಂದಿದ್ದರೆ ಬದಲಿಸಿ. ಮಳೆಯಲ್ಲಿ ಕೆಸರು, ಮರಳು ಸೇರಿದರೆ ರೆಸಿನ್ (ರಾಳ ಬೆರೆಸಿ ಮಾಡಿದ) ಪ್ಯಾಡು ಒಂದೇ ದೊಡ್ಡ ಇಳಿಜಾರಿನಲ್ಲಿ ಸವೆದು ಹೋಗಬಹುದು. ಒದ್ದೆ ದಾರಿಗೆ ಸಿಂಟರ್ಡ್ (ಲೋಹದ ಪುಡಿ ಬೆಸೆದ) ಪ್ಯಾಡು ಮೇಲು, ಕಿರುಚಿದರೂ ಬಾಳುತ್ತದೆ. ಆದರೆ ರೋಟರ್ (ಪ್ಯಾಡು ಕಚ್ಚುವ ಲೋಹದ ತಟ್ಟೆ) ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಎಂದು ಬರೆದಿದ್ದರೆ ಹಾಕಬೇಡಿ. ಹೊಸ ಪ್ಯಾಡನ್ನು ನೇರ ಟ್ರೇಲ್‌ಗೆ ಒಯ್ಯುವುದೂ ತಪ್ಪು. ಮಧ್ಯಮ ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಪೂರ್ತಿ ನಿಲ್ಲದಂತೆ, ಇಪ್ಪತ್ತು ಸಲ ಬ್ರೇಕ್ ಹಿಡಿದ ಮೇಲೆಯೇ ಅದಕ್ಕೆ ಕಚ್ಚು ಬರುವುದು.

ಲಿವರ್ ಒತ್ತಿದಾಗ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಎಣ್ಣೆಯಲ್ಲಿ ಗಾಳಿ ಸೇರಿದೆ, ಬ್ಲೀಡ್ ಮಾಡಿಸಿ (ಆ ಗಾಳಿ ಹೊರತೆಗೆಸಿ). ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ದ್ರವ (ಇನ್ನೊಂದು ಬಗೆಯ ಬ್ರೇಕ್ ದ್ರವ) ಹಾಕಿದರೆ ಸೀಲುಗಳು ಹಾಳಾಗುತ್ತವೆ, ಅದಲುಬದಲಾದರೂ ಅಷ್ಟೇ. ಚೈನಿನ ಸವೆತ ಅಳೆಯುವ ಗೇಜ್ ಶೇ 0.5 ತೋರಿಸಿದರೆ 12 ಸ್ಪೀಡ್ (ಹಿಂದೆ 12 ಗೇರಿನ) ಚೈನು ಬದಲಿಸುವ ಹೊತ್ತು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕಟ್‌ಕಟ್ ಎಂದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲವಿದೆ. ಎರಡೂ ಆಕ್ಸಲ್ (ಚಕ್ರದ ಅಚ್ಚು), ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಬೋಲ್ಟ್, ಕ್ರ್ಯಾಂಕ್ (ಪೆಡಲಿನ ತೋಳು) ಬೋಲ್ಟ್ ಬಿಗಿ ನೋಡಿ. ಸ್ಟೆಮ್ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಸಾಕು, ಕಾರ್ಬನ್ ಹ್ಯಾಂಡಲ್ ಆದರೆ ಅದರ ಮೇಲೆ ಬರೆದಿರುವುದನ್ನು ಮೀರಬೇಡಿ.

ಕಡಿದಾದ ಇಳಿಜಾರಿನಲ್ಲಿ ಹಿಂದಕ್ಕೆ ವಾಲಬೇಕು ಎನ್ನುತ್ತಾರೆ. ಸರಿಯೇ?

ಅರ್ಧ ಸರಿ, ಉಳಿದರ್ಧವೇ ಜನರನ್ನು ಬೀಳಿಸುವುದು. ತೀರಾ ಹಿಂದೆ ವಾಲಿದರೆ ಮುಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ, ಹ್ಯಾಂಡಲ್ ತಿರುಗಿಸಿದರೂ ಸೈಕಲ್ ತಿರುಗುವುದಿಲ್ಲ. ಸೀಟು ಪೂರ್ತಿ ಇಳಿಸಿ. ಎರಡೂ ಪೆಡಲು ನೆಲಕ್ಕೆ ಸಮಾನಾಂತರವಾಗಿರಲಿ, ಹಿಮ್ಮಡಿ ಕೆಳಗಿರಲಿ. ಮೊಣಕೈ ಹೊರಕ್ಕೆ ಬಾಗಿಸಿ ಎದೆಯನ್ನು ಹ್ಯಾಂಡಲ್ ಕಡೆ ತಗ್ಗಿಸಿ, ಸೊಂಟದಿಂದ ಮಡಿಯಿರಿ. ಮೈಭಾರ ಪಾದದಲ್ಲಿರಬೇಕು, ಅಂಗೈಯಲ್ಲಲ್ಲ. ಅಂಗೈ ಹಗುರವಾಗಿದೆಯೇ ಎಂದು ನಡುನಡುವೆ ಗಮನಿಸಿ. ಅಲ್ಲಿ ಒತ್ತಿದರೆ ಮುಂದೆ ಹೋಗಿದ್ದೀರಿ, ಎಳೆದರೆ ತೀರಾ ಹಿಂದೆ ಹೋಗಿದ್ದೀರಿ.

ಬ್ರೇಕ್‌ಗೆ ಒಂದೊಂದೇ ಬೆರಳು. ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕ್‌ನದು, ಅದಕ್ಕೆ ಹೆದರಿ ಹಿಂದಿನದನ್ನಷ್ಟೇ ಹಿಡಿದರೆ ಹಿಂದಿನ ಚಕ್ರ ಜಾರುತ್ತಲೇ ಹೋಗುತ್ತದೆ, ಟ್ರೇಲ್ ಕೂಡ ಕೊರೆದು ಹೋಗುತ್ತದೆ. ಉದ್ದ ಇಳಿಜಾರಿನಲ್ಲಿ ಸದಾ ತುಸುವೇ ಹಿಡಿದುಕೊಂಡು ಹೋಗಬೇಡಿ. ರೋಟರ್ ಆರಲು ಬಿಡುವು ಸಿಗದೆ ಬ್ರೇಕ್ ಸೋಲುತ್ತದೆ. ಹಿಡಿತ ಚೆನ್ನಾಗಿರುವ ಮಣ್ಣಿನ ತುಂಡಿನಲ್ಲಿ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಕಲ್ಲು-ಬೇರಿನ ಮೇಲೆ ಬಿಟ್ಟುಬಿಡಿ. ಲಿವರ್ ಹ್ಯಾಂಡಲ್ ಹತ್ತಿರಕ್ಕೆ ಬರತೊಡಗಿದರೆ, ಸುಟ್ಟ ವಾಸನೆ ಬಂದರೆ ನಿಂತು ಹತ್ತು ನಿಮಿಷ ಆರಿಸಿ. ರೋಟರ್ ಮುಟ್ಟಬೇಡಿ, ನೀರೂ ಸುರಿಯಬೇಡಿ.

ಒದ್ದೆ ಬೇರು, ಬಂಡೆಗಳ ರಾಶಿ: ಹೇಗೆ ದಾಟುವುದು?

ಬೇರನ್ನು ಆದಷ್ಟು ಅಡ್ಡಡ್ಡಲಾಗಿ, ಲಂಬಕೋನದಲ್ಲಿ ದಾಟಿ. ಓರೆಯಾಗಿ ಹತ್ತಿದರೆ ಚಕ್ರ ಬೇರಿನ ಉದ್ದಕ್ಕೂ ಜಾರುತ್ತದೆ. ಬೇರಿನ ಮೇಲಿರುವಾಗ ಬ್ರೇಕೂ ಬೇಡ, ತುಳಿತವೂ ಬೇಡ, ತಿರುವೂ ಬೇಡ. ಬಂಡೆರಾಶಿಯಲ್ಲಿ ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೊರಬರುವ ಜಾಗದ ಮೇಲಿರಲಿ. ಕೊಂಚ ವೇಗ ಇದ್ದರೆ ಚಕ್ರ ಸಂದುಗಳ ಮೇಲೆ ಹಾಯುತ್ತದೆ, ತೀರಾ ನಿಧಾನಿಸಿದರೆ ಸಂದಿಯೊಳಗೆ ಇಳಿದು ಅಲ್ಲೇ ಕೂರುತ್ತದೆ.

ದಾರಿ ಕಾಣದಿದ್ದರೆ ಇಳಿದು ನಡೆದು ನೋಡಿ. ಒಬ್ಬರೇ ಇದ್ದರೆ, ಪಕ್ಕದಲ್ಲಿ ಕೊರಕಲಿದ್ದರೆ, ಕೊನೆಯ ಗಂಟೆಯಾಗಿದ್ದರೆ ತಳ್ಳಿಕೊಂಡೇ ದಾಟಿ. ಬಲ್ಲವರೂ ಇಂಥ ಜಾಗಗಳಲ್ಲಿ ಇಳಿಯುತ್ತಾರೆ. ಒಂದೇ ಸಲಹೆ ಏನೆಂದರೆ, ಇಳಿಯುವ ನಿರ್ಧಾರ ಮೊದಲೇ ಆಗಲಿ. ನಡುವೆ ಮನಸ್ಸು ಬದಲಿಸಿ ಗಕ್ಕನೆ ಬ್ರೇಕ್ ಹಿಡಿಯುವುದೇ ಹ್ಯಾಂಡಲ್ ಮೇಲಿಂದ ಹಾರುವ ನೇರ ದಾರಿ.

ಹೇರ್‌ಪಿನ್ ತಿರುವಿನಲ್ಲಿ ಸದಾ ಕಾಲು ಊರುತ್ತೇನೆ. ಏನು ತಪ್ಪಾಗುತ್ತಿದೆ?

ಹೆಚ್ಚಾಗಿ ಎರಡೇ ಕಾರಣ: ಒಳಬದಿಗೆ ಬೇಗ ತಿರುಗುವುದು, ನೋಟ ಕೊರಕಲಿನ ಕಡೆ ಇರುವುದು. ತಿರುವಿನ ಮುಂಚೆಯೇ ವೇಗ ಮುಗಿಸಿ ಹೊರ ಅಂಚಿನಿಂದ ಒಳಬನ್ನಿ. ಮುಂದಿನ ಚಕ್ರ ಮೇಲ್ಭಾಗದಲ್ಲಿ ಅಗಲವಾಗಿ ಸುತ್ತಲಿ, ಹಿಂದಿನದು ತಾನಾಗಿ ಒಳಗಿಂದ ಕತ್ತರಿಸಿಕೊಂಡು ಬರುತ್ತದೆ. ಗಲ್ಲ, ಭುಜ, ಹೊಕ್ಕುಳು ಮೂರೂ ತಿರುವಿನಿಂದ ಹೊರಬರುವ ದಾರಿಯತ್ತ ತಿರುಗಲಿ. ಹಿಂದಿನ ಬ್ರೇಕ್ ತುಸು ಎಳೆದಿರಲಿ.

ಏರಿನಲ್ಲಿ ಹಿಂದಿನ ಚಕ್ರ ಜಾರುತ್ತದೆ, ಮುಂದಿನದು ಎದ್ದೇಳುತ್ತದೆ.

ಸೀಟಿನ ಮೂತಿಯ ಮೇಲೆ ಕೂತು, ಎದೆ ತಗ್ಗಿಸಿ, ಮೊಣಕೈಗಳನ್ನು ಕೆಳಕ್ಕೆ ಇಳಿಸಿ. ಆಗ ಎರಡೂ ಚಕ್ರದ ಮೇಲೆ ಭಾರ ಹಂಚಿಕೆಯಾಗುತ್ತದೆ. ಎದ್ದು ನಿಂತು ಒತ್ತಿ ತುಳಿದರೆ ಹಿಂದಿನದು ಜಾರುತ್ತದೆ. ಗೇರನ್ನು ಏರು ಶುರುವಾಗುವ ಮೊದಲೇ ಹಗುರ ಮಾಡಿ. ಬಿಗಿಯಾಗಿ ತುಳಿಯುತ್ತಲೇ ಗೇರ್ ಬದಲಿಸಿದಾಗಲೇ ಚೈನು ಹೆಚ್ಚಾಗಿ ತುಂಡಾಗುವುದು. ನಡುವೆ ನಿಂತುಹೋದರೆ ನೇರ ಮೇಲ್ಮುಖವಾಗಿ ಹೊರಡಲು ಒದ್ದಾಡದೆ, ಸೈಕಲ್ಲನ್ನು ದಾರಿಗೆ ಅಡ್ಡ ತಿರುಗಿಸಿ ಒಂದು ಸುತ್ತು ತುಳಿದು ಆಮೇಲೆ ಮೇಲಕ್ಕೆ ತಿರುಗಿ.

ಹಳ್ಳ ಅಡ್ಡ ಬಂದರೆ?

ತಳ ಕಾಣುತ್ತಿದ್ದು, ನೀರು ಚಕ್ರದ ಅಚ್ಚಿಗಿಂತ ಕೆಳಗಿದ್ದರೆ ಹಗುರ ಗೇರಿನಲ್ಲಿ ಸಮವಾಗಿ ತುಳಿದು ದಾಟಬಹುದು. ರಭಸದ ನೀರು ಮೊಣಕಾಲು ಮುಟ್ಟಿದರೆ ನಡೆದೂ ದಾಟಬೇಡಿ. ನಡೆದು ದಾಟುವಾಗ ಸೈಕಲ್ ನಿಮ್ಮಿಂದ ನೀರು ಹರಿದು ಹೋಗುವ ಬದಿಗಿರಲಿ. ಎದುರು ಬದಿಗಿದ್ದರೆ ಪ್ರವಾಹ ಅದನ್ನು ತಂದು ನಿಮ್ಮ ಕಾಲಿಗೇ ಬಡಿಯುತ್ತದೆ. ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿರಿ. ದಾಟಿದ ಕೂಡಲೇ ಬ್ರೇಕ್ ಎರಡು ಮೂರು ಸಲ ಹಿಡಿದು ಒಣಗಿಸಿ, ಒದ್ದೆ ಪ್ಯಾಡು ಮೊದಲ ಹಿಡಿತಕ್ಕೆ ಕಚ್ಚುವುದಿಲ್ಲ.

ಚೀಲದಲ್ಲಿ ಯಾವ ಉಪಕರಣ, ಯಾವ ಬಿಡಿಭಾಗ?

4, 5, 6, 8 ಮಿಲಿಮೀಟರ್ ಅಲೆನ್ ಕೀ, ಟಿ25 (ನಕ್ಷತ್ರ ತಲೆಯ ಕೀ), ಚೈನ್ ಕಟ್ಟರ್ ಇರುವ ಮಲ್ಟಿಟೂಲ್. ನಿಮ್ಮ ಚೈನಿನ ಸ್ಪೀಡಿಗೇ ಹೊಂದುವ ಎರಡು ಕ್ವಿಕ್ ಲಿಂಕ್ (ತುಂಡಾದ ಚೈನು ಬೆಸೆಯುವ ಕೊಂಡಿ). ಟ್ಯೂಬ್‌ಲೆಸ್ ಇದ್ದರೂ ಒಂದು ಟ್ಯೂಬು, ಟೈರ್ ಲಿವರ್, ಪ್ಲಗ್ ಕಿಟ್ (ಟೈರಿನ ತೂತಿಗೆ ತುರುಕುವ ಬತ್ತಿ), ವಾಲ್ವ್ ಕೋರ್ (ವಾಲ್ವ್‌ನ ಒಳತುಂಡು). ಕೈಪಂಪು ಇರಲೇಬೇಕು, ಗ್ಯಾಸ್ ಕ್ಯಾಟ್ರಿಜ್ ಬೇಗ ತುಂಬುತ್ತದೆ, ಆದರೆ ಮುಗಿದರೆ ಮುಗಿಯಿತು. ಒಂದು ಜೊತೆ ಬ್ರೇಕ್ ಪ್ಯಾಡು, ಆರು ಜಿಪ್ ಟೈ, ಪಂಪಿಗೆ ಸುತ್ತಿದ ಒಂದು ಮೀಟರ್ ಡಕ್ಟ್ ಟೇಪು. ನಿಮ್ಮ ಫ್ರೇಮಿನದೇ ಡಿರೇಲ್ಯೂರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲ್ಯೂರನ್ನು ಫ್ರೇಮಿಗೆ ಹಿಡಿಸುವ ತುಂಡು). ಇದನ್ನು ಬಿಟ್ಟು ಹೋಗುವವರೇ ಹೆಚ್ಚು, ಮಾದರಿಯಿಂದ ಮಾದರಿಗೆ ಆಕಾರ ಬೇರೆಯಾದ್ದರಿಂದ ಗೆಳೆಯರದ್ದು ನಿಮಗಾಗುವುದಿಲ್ಲ. ಇದರ ಜೊತೆ ತಲೆದೀಪ, ಮಳೆ-ಗಾಳಿ ತಡೆಯುವ ತೆಳು ಜಾಕೆಟ್, ಫಾಯಿಲ್ ಹೊದಿಕೆ, ಸೀಟಿ, ಗಾಜ್, ಕ್ರೇಪ್ ಬ್ಯಾಂಡೇಜ್, ಕೈ ಕಟ್ಟುವ ತ್ರಿಕೋನ ಬಟ್ಟೆ.

ಟೈರಿನ ಪಕ್ಕ ಹರಿದರೆ ಏನು ಮಾಡುವುದು?

ಸೂಜಿ, ಮುಳ್ಳಿನ ತೂತನ್ನು ಸೀಲಂಟೇ ಮುಚ್ಚುತ್ತದೆ: ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಒಂದು ನಿಮಿಷ ಕಾಯಿರಿ. ಅದಕ್ಕಿಂತ ದೊಡ್ಡದಾದರೆ ಪ್ಲಗ್. ಸೆಂಟಿಮೀಟರಿನಷ್ಟು ಸೀಳಿದ್ದರೆ ಪ್ಲಗ್ ನಿಲ್ಲುವುದಿಲ್ಲ. ಟೈರಿನ ಒಂದು ಬದಿ ಬಿಡಿಸಿ, ಸೀಳಿನ ಸುತ್ತ ಸೀಲಂಟ್ ಒರೆಸಿ, ಒಳಗಿಂದ ಟೈರ್ ಬೂಟ್ (ಸೀಳಿಗೆ ಇಡುವ ದಪ್ಪ ತೇಪೆ) ಅಥವಾ ಮಡಿಸಿದ ದಪ್ಪ ಪ್ಲಾಸ್ಟಿಕ್ ಪೊಟ್ಟಣ ಒತ್ತಿಡಿ. ಆಮೇಲೆ ಟೈರಿನ ಒಳಮೈಯನ್ನು ಕೈಗವಸು ಹಾಕಿಕೊಂಡೇ ಪೂರ್ತಿ ಸವರಿ. ತಿಂಗಳುಗಳಿಂದ ಸೀಲಂಟ್ ಮುಚ್ಚಿಟ್ಟಿದ್ದ ಹಳೆಯ ಮುಳ್ಳುಗಳು ಅಲ್ಲಿರುತ್ತವೆ, ತೆಗೆಯದಿದ್ದರೆ ಹೊಸ ಟ್ಯೂಬು ಐದು ನಿಮಿಷವೂ ಬಾಳದು. ರಿಮ್ಮಿನ ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿ ಟ್ಯೂಬು ತೂರಿಸಿ, ಬೂಟ್ ಜರುಗದಷ್ಟು ಗಾಳಿ ತುಂಬಿ.

ಚಕ್ರ ಬಿಚ್ಚಿಟ್ಟಾಗ ಯಾರೂ ಬ್ರೇಕ್ ಲಿವರ್ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ಪ್ಯಾಡುಗಳು ಕೂಡಿಕೊಂಡು ರೋಟರ್ ಒಳಗೆ ಹೋಗುವುದಿಲ್ಲ. ಹಾಗಾದರೆ ಹಳೆಯ ಪ್ಯಾಡುಗಳ ನಡುವೆ ಶುಚಿಯಾದ ಟೈರ್ ಲಿವರ್ ತೂರಿಸಿ ನಿಧಾನವಾಗಿ ಅಗಲಿಸಿ.

ಡಿರೇಲ್ಯೂರ್ ಕಲ್ಲಿಗೆ ಬಡಿದು ಮುರಿದರೆ?

ಹ್ಯಾಂಗರ್ ಮಾತ್ರ ಮುರಿದಿದ್ದರೆ ಬದಲಿಸಿ, ಹತ್ತು ನಿಮಿಷದ ಕೆಲಸ. ಬಾಗಿದ್ದರೆ ಹಗುರವಾದ ಗೇರಿಗೆ ಹಾಕಬೇಡಿ, ಡಿರೇಲ್ಯೂರ್ ಕಡ್ಡಿಗಳೊಳಗೆ ಸಿಕ್ಕಿ ಚಕ್ರವನ್ನೂ ಹಾಳುಮಾಡುತ್ತದೆ. ಡಿರೇಲ್ಯೂರೇ ಹೋದರೆ ಚೈನು ಕತ್ತರಿಸಿ, ಮುಂದಿನ ಹಲ್ಲುಚಕ್ರಕ್ಕೆ ನೇರ ಸಾಲಿನಲ್ಲಿರುವ ನಡುವಿನ ಒಂದು ಗೇರಿಗೆ ಕ್ವಿಕ್ ಲಿಂಕ್‌ನಿಂದ ಬೆಸೆಯಿರಿ. ಹಾರ್ಡ್‌ಟೇಲ್‌ನಲ್ಲಿ ಇದು ನಡೆಯುತ್ತದೆ. ಫುಲ್ ಸಸ್ಪೆನ್ಷನ್‌ನಲ್ಲಿ ಶಾಕ್ ಕುಸಿದಾಗ ಚೈನು ಓಡುವ ದೂರವೇ ಬದಲಾಗುವುದರಿಂದ ಚೈನು ಹರಿಯುತ್ತದೆ ಅಥವಾ ಕಳಚುತ್ತದೆ. ಶಾಕ್ ಲಾಕ್ ಮಾಡಿ, ಕೂತು ಮೆಲ್ಲಗೆ ತುಳಿಯಿರಿ, ಇಳಿಜಾರಿನಲ್ಲಿ ಉರುಳಿ, ಏರಿನಲ್ಲಿ ತಳ್ಳಿ.

ನೀರು, ಆಹಾರ ಎಷ್ಟು?

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಬಿಸಿಲಿದ್ದರೆ ಇನ್ನೂ ಹೆಚ್ಚು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಬರಬಹುದು, ಜೊತೆಗೆ ಉಪ್ಪಿನಂಶವೂ ಹೋಗಬೇಕು. ಮೊದಲ ಗಂಟೆಯ ನಂತರ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಸಿವಾದ ಮೇಲೆ ತಿನ್ನಲು ಕೂತರೆ ತಡವಾಯಿತು. ತೊರೆಯ ನೀರನ್ನು ಒಂದು ನಿಮಿಷ ಕುದಿಸಿ, 2000 ಮೀಟರ್‌ಗಿಂತ ಮೇಲಿದ್ದರೆ ಮೂರು ನಿಮಿಷ. ಸಾಮಾನ್ಯ ಕೈಫಿಲ್ಟರ್ ಬ್ಯಾಕ್ಟೀರಿಯಾ, ಪರಾವಲಂಬಿಗಳನ್ನು ತಡೆಯುತ್ತದೆ, ವೈರಸ್ಸನ್ನಲ್ಲ.

ಸಿಗ್ನಲ್ ಇಲ್ಲದ ಕಡೆ ದಾರಿ ತಪ್ಪದಿರಲು, ಸಹಾಯ ಕರೆಯಲು ಏನು ಮಾಡಬೇಕು?

ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಡ, ನಕ್ಷೆಗೆ ಬೇಕು. ಆದ್ದರಿಂದ ನಕ್ಷೆ, ದಾರಿಯ ಜಾಡು ದಾಖಲಾದ ಜಿಪಿಎಕ್ಸ್ ಕಡತ ಎರಡನ್ನೂ ಮೊದಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡ್‌ನಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಆ ಮೋಡ್‌ನಲ್ಲೇ ಇಟ್ಟರೆ ಬ್ಯಾಟರಿಯೂ ಉಳಿಯುತ್ತದೆ. ಹ್ಯಾಂಡಲ್‌ಗೆ ಕಟ್ಟಿದ ಫೋನು ಬಿದ್ದಾಗ ಮೊದಲು ಒಡೆಯುತ್ತದೆ, ಚೀಲದಲ್ಲಿರಲಿ. ಕಾಗದದ ನಕ್ಷೆ ಒಂದು ಜೊತೆಗಿರಲಿ.

406 ಮೆಗಾಹರ್ಟ್ಸ್‌ನ ಬೀಕನ್ (ಉಪಗ್ರಹದ ಮೂಲಕ ಸಂಕಟ ತಿಳಿಸುವ ಸಾಧನ) ಅಥವಾ ಉಪಗ್ರಹ ಸಂದೇಶ ಸಾಧನ ಇದ್ದರೆ ಮೈಮೇಲಿನ ಜೇಬಿನಲ್ಲಿಡಿ, ಸೈಕಲ್ ಒಂದು ಕಡೆ ನೀವೊಂದು ಕಡೆ ಬೀಳಬಹುದು. ಆಲ್ಪ್ಸ್ ಪದ್ಧತಿಯ ಸಂಕಟ ಸೂಚನೆ ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರ ಅಮೆರಿಕದಲ್ಲಿ ಮೂರು ಸೀಟಿ. ಹೊರಡುವ ಮೊದಲು ಮನೆಯಲ್ಲಿ ದಾರಿ, ಮುಗಿಯುವ ಹೊತ್ತು, ಎಷ್ಟು ಹೊತ್ತಿನವರೆಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದಿಡಿ.

ಗುಡುಗು ಶುರುವಾದರೆ?

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿಲೋಮೀಟರ್ ಒಳಗಿದೆ. ಬೆಟ್ಟದ ಏಣು, ಒಂಟಿ ಮರ, ಬಯಲು ಬಿಟ್ಟು ತಗ್ಗಿಗೆ ಇಳಿಯಿರಿ. ಸೈಕಲ್ ದೂರ ಮಲಗಿಸಿ, ಒಬ್ಬರಿಗೊಬ್ಬರು ಅಂತರ ಬಿಟ್ಟು ಕೂರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು.

ಕಾಡುಪ್ರಾಣಿ ಎದುರಾದರೆ?

ಸೈಕಲ್ ವೇಗವಾಗಿಯೂ ಸದ್ದಿಲ್ಲದೆಯೂ ಬರುವುದರಿಂದ ಪ್ರಾಣಿ ಬೆಚ್ಚಿಬೀಳುತ್ತದೆ, ಅಪಾಯ ಇರುವುದೇ ಅಲ್ಲಿ. ಕುರುಡು ತಿರುವುಗಳಲ್ಲಿ ನಿಧಾನಿಸಿ, ಗಂಟೆ ಬಾರಿಸಿ ಅಥವಾ ಮಾತಾಡಿ. ಮುಂಜಾವ, ಮುಸ್ಸಂಜೆ ತಪ್ಪಿಸಿ. ದೂರದಲ್ಲಿ ಕಂಡರೆ ನಿಂತು, ಸೈಕಲ್ ನಡುವೆ ಇಟ್ಟುಕೊಂಡು ಹಿಮ್ಮೆಟ್ಟಿ. ಆಮೇಲಿನದು ಪ್ರಾಣಿಯಿಂದ ಪ್ರಾಣಿಗೆ ಬೇರೆ: ಒಂದಕ್ಕೆ ಸರಿಯಾದದ್ದು ಇನ್ನೊಂದನ್ನು ಕೆರಳಿಸುತ್ತದೆ. ಆ ಕಾಡಿನಲ್ಲಿ ಏನಿದೆ, ಏನು ಮಾಡಬೇಕು ಎಂಬುದನ್ನು ಅರಣ್ಯ ಸಿಬ್ಬಂದಿಯಲ್ಲೇ ಕೇಳಿ.

ಬಿದ್ದ ಮೇಲೆ ಸವಾರಿ ಮುಂದುವರಿಸಬಹುದೇ?

ಮೊದಲು ಟ್ರೇಲ್‌ನಿಂದ ಪಕ್ಕಕ್ಕೆ ಸರಿಯಿರಿ, ಆದರೆ ಕುತ್ತಿಗೆ, ಬೆನ್ನು ನೋವಿದ್ದರೆ ಅಲುಗಾಡಬೇಡಿ, ಹಿಂದೆ ಬರುವವರನ್ನು ತಡೆಯಲು ಒಬ್ಬರು ಮೇಲೆ ನಿಲ್ಲಲಿ. ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಮಬ್ಬು, ಕೇಳಿದ್ದನ್ನೇ ಮತ್ತೆ ಕೇಳುವುದು ಇವುಗಳಲ್ಲಿ ಒಂದಿದ್ದರೂ ಆ ದಿನದ ಸವಾರಿ ಮುಗಿಯಿತು. ರಕ್ತ ಸುರಿಯುತ್ತಿದ್ದರೆ ಗಾಜ್ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ, ನಡುವೆ ತೆಗೆದು ನೋಡಬೇಡಿ. ಕೊರಳೆಲುಬು (ಕಾಲರ್ ಬೋನ್) ಮುರಿದಿರುವ ಅನುಮಾನವಿದ್ದರೆ ತ್ರಿಕೋನ ಬಟ್ಟೆಯಿಂದ ಕೈಯನ್ನು ಎದೆಗೆ ಕಟ್ಟಿ. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಾಗಿಯೇ ಕಂಡರೂ ಒಳಗಿನ ಫೋಮ್ ಕುಗ್ಗಿರುತ್ತದೆ, ಬದಲಿಸಿ. ಜನ ಎದ್ದ ಮೇಲೆ ಸೈಕಲ್: ಹ್ಯಾಂಡಲ್ ನೇರ, ಚಕ್ರ ಉಜ್ಜದೆ ತಿರುಗುತ್ತಿದೆ, ಎರಡೂ ಬ್ರೇಕ್ ಕಚ್ಚುತ್ತಿವೆ, ಹ್ಯಾಂಗರ್ ಬಾಗಿಲ್ಲ ಎಂದು ನೋಡಿದ ಮೇಲೆಯೇ ಹತ್ತಿ.

ಅನುಮತಿ ಬೇಕೇ? ದಾರಿಯಲ್ಲಿ ಯಾರಿಗೆ ಯಾರು ಜಾಗ ಬಿಡಬೇಕು?

ನಡೆಯಲು ಬಿಡುವ ಕಡೆಯೆಲ್ಲ ಸೈಕಲ್ ಬಿಡುತ್ತಾರೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 1964ರ ವೈಲ್ಡರ್ನೆಸ್ ಕಾಯ್ದೆಯಡಿ ಘೋಷಿತವಾದ ಪ್ರದೇಶಗಳಲ್ಲಿ ಸೈಕಲ್ ಸವಾರಿಗೆ ಅವಕಾಶವೇ ಇಲ್ಲ. ಬೇರೆಡೆ ಋತು, ದಿಕ್ಕು, ಸಮಯಕ್ಕೆ ತಕ್ಕ ನಿರ್ಬಂಧಗಳಿರುತ್ತವೆ. ನಡೆಯುವವರಿಗೂ ಕುದುರೆಗೂ ಸೈಕಲ್ ಜಾಗ ಬಿಡಬೇಕು, ಏರುತ್ತಿರುವ ಸವಾರರಿಗೆ ಇಳಿಯುತ್ತಿರುವವರು ಬಿಡಬೇಕು. ಕೆಸರಿನ ಗುಂಡಿ ಬಂದರೆ ನಡುವಿನಲ್ಲೇ ಹೋಗಿ, ಪಕ್ಕದಿಂದ ಸುತ್ತಿದರೆ ಟ್ರೇಲ್ ಅಗಲವಾಗುತ್ತಲೇ ಹೋಗುತ್ತದೆ. ಟೈರು ಒಂದು ಇಂಚು ಆಳಕ್ಕೆ ಇಳಿಯುವಷ್ಟು ನೆಲ ಮೆತ್ತಗಿದ್ದರೆ ಆ ದಿನ ಹೋಗಲೇಬೇಡಿ.

ಮುಗಿಸಿ ಬಂದ ಮೇಲೆ ಸೈಕಲ್‌ಗೆ ಏನು ಮಾಡಬೇಕು?

ಟ್ರೇಲ್‌ನ ಬಾಗಿಲಲ್ಲೇ ಟೈರು, ಶೂಗಳ ಕೆಸರು, ಬೀಜ ಕೆರೆದು ತೆಗೆಯಿರಿ, ಒಂದು ಕಾಡಿನ ಕಳೆ ಇನ್ನೊಂದು ಕಾಡಿಗೆ ಹೋಗುವುದು ಹೀಗೆಯೇ. ಒತ್ತಡದ ನೀರಿನ ಜೆಟ್ಟನ್ನು ಹಬ್ (ಚಕ್ರದ ನಡುಭಾಗ), ಹೆಡ್‌ಸೆಟ್, ಬಾಟಮ್ ಬ್ರ್ಯಾಕೆಟ್ (ಪೆಡಲಿನ ತೋಳು ತಿರುಗುವ ಬೇರಿಂಗ್) ಮೇಲೆ ಹಿಡಿಯಬೇಡಿ, ಗ್ರೀಸ್ ತೊಳೆದು ಹೋಗಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ಚೈನು ಒಣಗಿಸಿ ಆಮೇಲೆ ಎಣ್ಣೆ ಹಾಕಿ, ಹೆಚ್ಚಾದದ್ದನ್ನು ಒರೆಸಿ. ಎಣ್ಣೆ ಸ್ಪ್ರೇ ರೋಟರ್ ಮೇಲೆ ಒಂದು ಹನಿ ಬಿದ್ದರೂ ಪ್ಯಾಡು ಎಸೆಯಬೇಕಾಗುತ್ತದೆ, ಸ್ಪ್ರೇ ಬದಲು ಹನಿ ಹನಿ ಬಿಡುವ ಬಾಟಲಿಯೇ ಇರಲಿ.